ಬೀರುವಿಗೂ ಕುರಿಬಣ್ಣ

ಇಡೀ ಹೊಸದುರ್ಗದಲ್ಲಿ ಪರರ ಸೊತ್ತಿನ ಮೇಲೆ ನಮ್ಮ ಅತ್ತೆಯಷ್ಟು ಠೀವಿಯಿಂದ ಬದುಕುತ್ತಿರುವವರು ಇನ್ನೊಬ್ಬರಿಲ್ಲ! ಅವರು ಮಲಗುವ ಮಂಚ ಒಬ್ಬರದ್ದು, ಕೂರುವ ಕುರ್ಚಿ ಇನ್ನೊಬ್ಬರದ್ದು, ಟೀ ಕುಡಿಯುವ ಲೋಟ ಮತ್ತೊಬ್ಬರದ್ದು. ಎರವಲು ತಂದದ್ದು ಅಂದುಕೊಳ್ಳಬೇಡಿ. ಎಲ್ಲವನ್ನೂ ತಾವೇ ಕೊಂಡು, ತಾವೇ ಹಂಚಿ, "ನಾನು ಹೋಗೋ ತನಕ ಇಲ್ಲೇ ಇರ್ಲಿ" ಎಂದು ಇಟ್ಟುಕೊಂಡಿದ್ದಾರೆ.

ಅತ್ತೆ ಎಂದೆನಲ್ಲ, ಅವರು ನನಗೆ ಹೇಗೆ ಅತ್ತೆ ಎಂದು ಮಾತ್ರ ಕೇಳಬೇಡಿ. ನಮ್ಮ ಯಜಮಾನರ ದೊಡ್ಡಮ್ಮನ ಓರಗಿತ್ತಿಯ ಕಡೆಯಿಂದ ಏನೋ ಆಗಬೇಕು. ನಡುವೆ ಯಾರದೋ ಮದುವೆ ಮುರಿದು ಆ ಎಳೆಯೂ ತುಂಡಾಗಿದೆಯಂತೆ. ಅವರ ಗಂಡ ತೀರಿಹೋಗಿ ಬಹಳ ಕಾಲವಾಯಿತು. ಮಕ್ಕಳಿಲ್ಲ, ಒಡಹುಟ್ಟಿದವರಿಲ್ಲ. ನಮ್ಮದು ಪಕ್ಕದ ಬೀದಿ. ಬೆಳಿಗ್ಗೆ ಹಾಲು ತರಲು ಹೋದಾಗ ಅವರ ಬಾಗಿಲಲ್ಲಿ ನಿಂತು ಕೂಗುತ್ತೇನೆ. "ಇದೀನಿ ಕಣೇ, ಸತ್ತಿಲ್ಲ" ಎಂಬ ಉತ್ತರ ಬಂದ ಮೇಲೇ ಮನೆಗೆ ಬಂದು ಹಾಲು ಕಾಯಿಸುವುದು.

ಇದೆಲ್ಲ ಶುರುವಾದದ್ದು ಹಿಂದಿನ ಬೀದಿಯ ಒಂಟಿ ಮೇಷ್ಟ್ರು ತೀರಿಕೊಂಡಾಗ. ಮಣ್ಣು ಮಾಡಿ ಬಂದ ಸಂಜೆಯೇ ಒಬ್ಬ ನೆಂಟ ಅವರ ಬಾಗಿಲಿಗೆ ಬೀಗ ಜಡಿದ. ಅದರ ಪಕ್ಕದಲ್ಲೇ ಇನ್ನೊಬ್ಬ ನೆಂಟ ಇನ್ನೊಂದು ಬೀಗ ಜಡಿದ. ಮೇಷ್ಟ್ರು ಸಾಕಿದ ಬೆಕ್ಕು ಒಳಗೆ! ಇಬ್ಬರೂ ಜಗಳ ನಿಲ್ಲಿಸಿ ಬಾಗಿಲು ತೆರೆಯುವವರೆಗೆ ಕಿಟಕಿಯ ಸರಳಿನ ನಡುವೆ ಅದಕ್ಕೆ ಮೊಸರನ್ನ ತೂರಿಸಿದ್ದು ನಮ್ಮ ಅತ್ತೆ.

"ಊರ ಮಕ್ಕಳಿಗೆಲ್ಲ ಬರೆಯೋದು ಕಲಿಸಿದ್ರು. ತಮ್ಮ ಮನೆಗೆ ಅಂತ ನಾಕು ಸಾಲು ಬರೀಲಿಲ್ಲ ನೋಡು," ಎಂದರು. "ನನ್ನ ಬಾಗಿಲಿಗೆ ಎರಡು ಬೀಗ ಬೀಳಾಕೆ ಬಿಡಾಕಿಲ್ಲ."

ಬೇರೆಯವರಾಗಿದ್ದರೆ ನೆಟ್ಟಗೆ ವಕೀಲರ ಬಳಿ ಹೋಗುತ್ತಿದ್ದರು. ಅತ್ತೆ ಹೋದದ್ದು ಬಣ್ಣದ ಅಂಗಡಿಗೆ!

ಅವರು ಕುರಿ ಸಾಕುವವರ ಮನೆಯಲ್ಲಿ ಹುಟ್ಟಿದವರು. ಕೆರೆಯ ಬಳಿ ಹತ್ತು ಮಂದಿಯ ಮಂದೆ ಬೆರೆತರೂ, ಬೆನ್ನ ಮೇಲಿನ ಬಣ್ಣ ನೋಡಿ ಅವರವರ ಕುರಿಯನ್ನು ಅವರವರು ಹೊಡೆದುಕೊಂಡು ಹೋಗುವುದನ್ನು ಕಂಡು ಬೆಳೆದವರು. ಅವರ ಲೆಕ್ಕದಲ್ಲಿ ಹಕ್ಕುಪತ್ರ ಎಂದರೆ ಬಣ್ಣ. ಹೊಳಲ್ಕೆರೆಯಲ್ಲಿರುವ ಮೈದುನನ ಮಗನಿಗೆ ನೀಲಿ, ಹಿರಿಯೂರಿನ ನಾದಿನಿಯ ಮಗಳಿಗೆ ಹಳದಿ, ಮುಂದಿನ ಕೋಣೆಯಲ್ಲಿ ಬಾಡಿಗೆಗಿರುವ ಹೊಲಿಗೆಯವಳಿಗೆ ಹಸಿರು. ಬೀರು ನೀಲಿಯಾಯಿತು. ಒರಳುಕಲ್ಲು ಹಸಿರಾಯಿತು. ಕುಕ್ಕರಿನ ಪಾತ್ರೆಗೆ ನೀಲಿ ಬೊಟ್ಟು, ಮುಚ್ಚಳಕ್ಕೆ ಹಳದಿ!

"ಇದೇನತ್ತೆ ಹಿಂಗೆ?"

"ಇಬ್ರಿಗೂ ಮಾತಿಲ್ಲ ಕಣೇ. ಬೇಳೆ ಬೇಯಿಸಾಕಾದ್ರೂ ಒಂದಾಗ್ಲಿ."

ಹಲಗೆಯ ಮೇಲೆ ಕೆಂಪು ಬಣ್ಣದ ಡಬ್ಬಿ ಮಾತ್ರ ಮುಚ್ಚಿದಂತೆಯೇ ಇತ್ತು. ಅದು ಯಾರಿಗೆ ಎಂದೆ.

"ಅದು ನಮ್ಮಪ್ಪನ ಮಂದೆ ಬಣ್ಣ. ಕೊಡೋ ಸಾಮಾನಿಗೆ ಅದನ್ನ ಹಚ್ತಾರೇನೇ?" ಎಂದು ಗದರಿದರು.

ಸುದ್ದಿ ಹೊಳಲ್ಕೆರೆ ಮುಟ್ಟಿತು. ಅತ್ತೆಯ ಗಂಡ ಹೋದಾಗ ಬಂದು ಹೋಗಿದ್ದ ಮೈದುನನ ಮಗ ಮತ್ತೆ ಬಂದ. ಕುಶಲ ಕೇಳಲಲ್ಲ, ಲಗೇಜ್ ಆಟೋ ಸಮೇತ! ಬೀರುವಿನ ಬಣ್ಣ ತೋರಿಸಿ, "ನೀಲಿ ನಂದೇ ಅಲ್ವಾ ದೊಡ್ಡಮ್ಮ?" ಎಂದ.

ಅತ್ತೆ ಬೀರುವನ್ನು ಬೆರಳಿಂದ ಮುಟ್ಟಿ ನೋಡಿದರು. "ಬಣ್ಣ ಇನ್ನೂ ಹಸಿ ಐತೆ ಕಣಪ್ಪ. ನಾನೂ ಇನ್ನೂ ಹಸಿಯಾಗೇ ಇದೀನಿ. ಎರಡೂ ಒಣಗ್ಲಿ, ಆಮೇಲೆ ಬಾ."

ಆಟೋ ಬಂದ ಹಾಗೇ ಹೋಯಿತು. ಆದರೆ ಅಂದು ನನಗೆ ದಿಗಿಲಾಯಿತು. ಬದುಕಿರುವಾಗಲೇ ಹೀಗಾದರೆ ಆಮೇಲೆ? ನಾನೂ ಹಟ ಹಿಡಿದು ಅವರನ್ನು ವಕೀಲರ ಮುಂದೆ ಕೂರಿಸಿದೆ.

"ಮನೆ ಹೊಲಿಗೆಯವಳಿಗೆ. ಹೊರಗಡೆ ಗೋಡೆಗೆಲ್ಲ ಹಸಿರು ಬಳಿದಿದೀನಲ್ಲ ಸ್ವಾಮಿ, ಇನ್ನೇನು ಬೇಕು?" ಎಂದರು ಅತ್ತೆ.

"ಮೇಲೆ ಒಂದು ಕೈ ಸುಣ್ಣ ಬಳಿದ್ರೆ ಮುಗೀತಲ್ಲಮ್ಮ! ಬರೆದಿಡದೆ ಹೋದ್ರೆ ನಿಮ್ಮ ಯಜಮಾನ್ರ ಮನೆ ಅವರ ಕಡೆಯೋರಿಗೇ ಹೋಗುತ್ತೆ. ಉಯಿಲು ಬರೆಸಿ. ಅಂದ್ಹಾಗೆ, ಆ ಹೊಲಿಗೆಯವರು ನಿಮಗೆ ಏನಾಗಬೇಕು?"

"ಜ್ವರ ಬಂದಾಗ ಗಂಜಿ ಕುಡಿಸ್ತಾಳೆ. ನಂಗೆ ಅಷ್ಟೇ ಆಗಬೇಕಾಗಿರೋದು."

ವಕೀಲರು ತಲೆ ತಗ್ಗಿಸಿ ಬರೆದುಕೊಂಡರು. ಕೊನೆಗೆ ಒಂದು ಮಾತು ಸೇರಿಸಿದರು: ಇಬ್ಬರು ಸಾಕ್ಷಿ ಬೇಕು, ಪಾಲು ಬರುವವರು ಸಾಕ್ಷಿ ಹಾಕದಿದ್ದರೆ ಒಳ್ಳೆಯದು, ನಾಳೆ ತಕರಾರು ಬರುವುದಿಲ್ಲ. ತಗೊಳ್ಳಿ! ಈ ಸುದ್ದಿ ಹಬ್ಬಿದ್ದೇ ತಡ, ಬೀದಿಯಲ್ಲಿ ಯಾರಿಗೂ ಸಹಿ ಹಾಕಲು ಬರದಂತಾಯಿತು. ಒಬ್ಬರಿಗೆ ಕೈನೋವು, ಒಬ್ಬರಿಗೆ ಕನ್ನಡಕ ಸಿಗಲೊಲ್ಲದು. ಅತ್ತೆಯ ಬಣ್ಣದ ಡಬ್ಬಿ ತಮ್ಮ ಕಡೆಗೂ ತಿರುಗೀತು ಎಂಬ ಆಸೆ ಎಲ್ಲರಿಗೂ! ಕಡೆಗೆ ಟೀ ಅಂಗಡಿಯವರು ಒಪ್ಪಿದರು.

"ಇನ್ನೊಂದು ಸಾಕ್ಷಿ ನೀನೇ," ಎಂದರು ಅತ್ತೆ ನನಗೆ.

ನಾನು ಏನನ್ನೂ ಬಯಸಿದವಳಲ್ಲ, ನಿಜವಾಗಿ. ಅವರ ಮನೆ ಗುಡಿಸುವಾಗ ಮಂಚದ ಕೆಳಗೆ ಸ್ವಲ್ಪ ಬಗ್ಗಿ ನೋಡಿದ್ದುಂಟು. ಒನಕೆಯನ್ನು ತಿರುಗಿಸಿ ನೋಡಿದ್ದುಂಟು. ಉಪ್ಪಿನಕಾಯಿ ಜಾಡಿಯ ತಳವನ್ನೂ ನೋಡಿದೆ ಎನ್ನಿ. ನನ್ನದೆನ್ನುವ ಒಂದು ಬೊಟ್ಟೂ ಎಲ್ಲೂ ಇರಲಿಲ್ಲ. ಒಂದು ಸೌಟಾದರೂ? ಚಪ್ಪಲಿ ಮೆಟ್ಟಿಕೊಂಡು, "ಹೋಗಾಣ ನಡೀರಿ ಅತ್ತೆ" ಎಂದೆ.

ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಮೇಜಿನ ಹಿಂದಿದ್ದವರು ನನ್ನ ಸಹಿ ನೋಡಿ ಕೇಳಿದರು, "ನೀವು ಇವರಿಗೆ ಏನಾಗಬೇಕು?"

ನಾನು ದೊಡ್ಡಮ್ಮನ ಓರಗಿತ್ತಿಯಿಂದ ಶುರುಮಾಡಿ, ಮುರಿದ ಮದುವೆಯವರೆಗೆ ಬಂದು ತಡವರಿಸಿ ನಿಂತೆ. ಅವರು ಅತ್ತೆಯ ಕಡೆ ತಿರುಗಿದರು. ಮಾತಿಗೆ ಎಂದೂ ತಡವರಿಸದ ಅತ್ತೆ ಅಂದು ಸುಮ್ಮನೆ ಹೆಬ್ಬೆರಳು ಒತ್ತಿ ಎದ್ದುಬಂದರು.

ಮನೆಗೆ ಬಂದವರೇ ಹಲಗೆಯಿಂದ ಕೆಂಪು ಡಬ್ಬಿ ಇಳಿಸಿದರು. ಒಣಗಿ ಅಂಟಿದ್ದ ಮುಚ್ಚಳವನ್ನು ಸೌಟಿನ ಹಿಡಿಯಿಂದ ಮೀಟಿ ತೆಗೆದರು.

"ತಿರುಗೇ."

"ಯಾಕತ್ತೆ?"

"ತಿರುಗು ಅಂದ್ನಲ್ಲ!"

ತಿರುಗಿದೆ. ಬೆನ್ನ ಮೇಲೆ ತಣ್ಣಗೆ ಅಂಗೈ ಅಗಲದ ಗುರುತೊಂದು ಬಿತ್ತು. ಒಗೆದು ಇಸ್ತ್ರಿ ಮಾಡಿದ ರವಿಕೆ!

"ಅಯ್ಯೋ, ಇದೇನ್ರಿ ಅತ್ತೆ!"

"ಆವಯ್ಯ ಕೇಳಿದ್ನಲ್ಲ ಏನಾಗಬೇಕು ಅಂತ. ಬಾಯಲ್ಲಿ ಹೇಳಾಕೆ ಬರ್ಲಿಲ್ಲ ನಂಗೆ." ಅವರ ಕೈ ಇನ್ನೂ ನನ್ನ ಬೆನ್ನ ಮೇಲೇ ಇತ್ತು. "ಕೊಡೋ ಸಾಮಾನೆಲ್ಲ ಕೊಟ್ಟಾಯ್ತು. ಮಂದೇಲಿರೋದನ್ನ ಯಾರಾದ್ರೂ ಹಂಚ್ತಾರೇನೇ?"

ನಾನು ತಕ್ಷಣ ಅವರ ಕಡೆ ತಿರುಗಲಿಲ್ಲ. ತಿರುಗುವ ಸ್ಥಿತಿಯಲ್ಲಿ ಇರಲಿಲ್ಲ.

ಮನೆಗೆ ಬರುವ ದಾರಿಯಲ್ಲಿ ಸೊಪ್ಪಿನ ಗಾಡಿಯವನು ಕೂಗಿದ, "ಅಕ್ಕಾ, ಬೆನ್ನಿಗೆ ಏನೋ ಕೆಂಪು ಬಣ್ಣ ಮೆತ್ಕಂಡೈತೆ ನೋಡ್ರಿ!"

"ಗೊತ್ತು ಕಣಪ್ಪ," ಎಂದೆ. "ನಮ್ಮ ಮಂದೇದು."