ಮಹಾಪ್ರಾಣಸಂಕಟ

ಬೀದಿಯ ಜನ ಅವರಿಗೆ ಒತ್ತಕ್ಷರ ರಾಯರು ಎಂದು ಅಡ್ಡಹೆಸರು ಇಟ್ಟದ್ದು ಸುಮ್ಮನೆ ಅಲ್ಲ. ಮನೆಯ ಮುಂದಿನ ಕೋಣೆಯಲ್ಲೇ ಟೈಪಿಂಗ್, ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದ ಈ ಮಹಾಶಯರು ಗಿರಾಕಿಗಳ ಕಾಗುಣಿತ ತಿದ್ದುತ್ತಿದ್ದದ್ದು ಸಾಲದೆಂದು ಹೆಂಡತಿ ಬರೆದ ಸಾಮಾನಿನ ಚೀಟಿಯನ್ನೂ ಕೆಂಪು ಶಾಯಿಯಲ್ಲಿ ತಿದ್ದುತ್ತಿದ್ದರು. (ಮನೆಯಲ್ಲಿ ಉಪ್ಪು ಇಲ್ಲದಿದ್ದರೂ ನಡೆದೀತು, ಪಕಾರಕ್ಕೆ ಒತ್ತು ಇರಲೇಬೇಕು.)

ಅಕ್ಷರದಲ್ಲಿ ಇಷ್ಟು ಕಟ್ಟುನಿಟ್ಟಾದರೂ ಅವರ ಕಂಪ್ಯೂಟರಿನೊಳಗೆ ಇದ್ದದ್ದೆಲ್ಲ ಕಳ್ಳಮಾಲು, ಗೆಳೆಯನೊಬ್ಬ ಪುಕ್ಕಟೆ ಹಾಕಿಕೊಟ್ಟದ್ದು. ಅವತ್ತು ಬೆಳಿಗ್ಗೆ ಕಳ್ಳ ಸಾಫ್ಟ್‌ವೇರ್ ಹಿಡಿಯುವ ಸರ್ಕಾರಿ ತಂಡ ಅದೇ ಬೀದಿಗೆ ಇಳಿಯಿತು. ಮೂಲೆಯ ಸ್ಟುಡಿಯೋಗೆ ಬೀಗಮುದ್ರೆ ಬಿತ್ತು. ಎದುರಿನ ಸಿ.ಡಿ. ಅಂಗಡಿಗೂ ಬಿತ್ತು.

“ಹದಿನೈದು ದಿನದಿಂದ ಬಡ್ಕೊಳ್ತಾ ಇದ್ದೀನಿ, ಅಸಲಿದು ಹಾಕಿಸ್ರೀ ಅಂತ! ಇರೋದೊಂದು ಕಂಪ್ಯೂಟರ್. ಅದನ್ನೂ ಎತ್ಕೊಂಡು ಹೋದ್ರೆ ನಮ್ಮ ಹೊಟ್ಟೆಪಾಡೇನು?”

“ಬಡ್ಕೊಂಡಿದ್ದು ಸಾಕು, ಆ ಬೆಡ್‌ಶೀಟ್ ಕೊಡೇ!”

ಕಂಪ್ಯೂಟರಿಗೆ ತಲೆತುಂಬಾ ಹೊದಿಸುವಷ್ಟರಲ್ಲಿ ಬಾಗಿಲಲ್ಲಿ ಬೂಟಿನ ಸದ್ದು. ಇಬ್ಬರು ಅಧಿಕಾರಿಗಳು!

“ಜೆರಾಕ್ಸ್ ಮಾಡ್ತೀರಾ?” ದೊಡ್ಡ ಅಧಿಕಾರಿ ಹಾಳೆಯೊಂದನ್ನು ಚಾಚಿದರು. “ಜಪ್ತಿ ಪಟ್ಟಿ. ಮೂರು ಕಾಪಿ ಬೇಕು. ಬೀದೀಲಿ ಬೇರೆ ಯಾವ ಅಂಗಡೀನೂ ತೆಗೆದಿಲ್ಲ.” (ಮುಚ್ಚಿಸಿದವರು ಅವರೇ.)

ರಾಯರಿಗೆ ಹೋದ ಜೀವ ಬಂದಂತಾಯಿತು. ಮೂರು ಕಾಪಿ ತೆಗೆದುಕೊಟ್ಟರೆ ಗಂಡಾಂತರ ಕಳೆದಂತೆಯೇ. ಹೆಂಡತಿ ಒಳಬಾಗಿಲಲ್ಲಿ ನಿಂತಿದ್ದಳು. ಹಾಳೆಯನ್ನು ಯಂತ್ರದ ಮೇಲೆ ಇಡುತ್ತಾ ರಾಯರು ತಲೆಬರಹದ ಮೇಲೆ ಕಣ್ಣಾಡಿಸಿದರು. ‘ಅನದಿಕೃತ ಸಾಫ್ಟ್‌ವೇರ್’ ಎಂದಿತ್ತು. ಕೈ ಅಲ್ಲೇ ನಿಂತುಬಿಟ್ಟಿತು.

“ಸಾರ್, ಇದು ತಪ್ಪು. ‘ದಿ’ ಅಲ್ಲ, ‘ಧಿ’. ಮಹಾಪ್ರಾಣ ಆಗ್ಬೇಕು.”

“ಇರ್ಲಿ ಬಿಡ್ರೀ, ನಮಗೆ ಅರ್ಜೆಂಟು.”

ಹೆಂಡತಿ ಕೆಮ್ಮಿದಳು. ಕಣ್ಣುಬಿಟ್ಟು ಕೈಸನ್ನೆ ಮಾಡಿದಳು. ಕೊನೆಗೆ ಪಾತ್ರೆಯೊಂದನ್ನು ನೆಲಕ್ಕೆ ಕೆಡವಿಯೂ ನೋಡಿದಳು.

“ಇರ್ಲಿ ಬಿಡಿ ಅಂದ್ರೆ? ಸರ್ಕಾರಿ ಕಾಗದ ಸಾರ್! ಎರಡೇ ನಿಮಿಷ, ಹೊಸದಾಗಿ ಟೈಪ್ ಮಾಡ್ಕೊಡ್ತೀನಿ!” ಎಂದವರೇ ಬೆಡ್‌ಶೀಟ್ ಕಿತ್ತೆಸೆದು ಸ್ವಿಚ್ ಒತ್ತಿದರು.

ಪರದೆ ಬೆಳಗಿತು. ಅದರ ತುಂಬಾ ದಪ್ಪಕ್ಷರದಲ್ಲಿ: ‘ಇದು ಅಸಲಿ ಪ್ರತಿಯಲ್ಲ.’

ದೊಡ್ಡ ಅಧಿಕಾರಿ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು.

“ಇದ್ರಲ್ಲಿ ಕಾಗುಣಿತ ಸರಿ ಇದೆ ತಾನೆ?”

“ಇ... ಇದೆ ಸಾರ್.”

“ಹಾಗಾದ್ರೆ ಶುರು ಮಾಡಿ. ಪಟ್ಟಿ ಕೊನೇಲಿ ಇನ್ನೊಂದು ಅಂಗಡಿ ಸೇರಿಸಿ. ನಿಮ್ದು.”

ರಾಯರು ಸೇರಿಸಿದರು. ಕಣ್ಣಲ್ಲಿ ನೀರಾಡುತ್ತಿದ್ದರೂ ಒಂದು ಕೊಂಬು ಹೆಚ್ಚಾಗಲಿಲ್ಲ, ಒಂದು ದೀರ್ಘ ಕಡಿಮೆಯಾಗಲಿಲ್ಲ. ಕೆಳಗೆ ಸಾಕ್ಷಿಯ ಸಹಿಗೆ ಜಾಗ ಬಿಟ್ಟಾಗ ಅಧಿಕಾರಿ ಸುತ್ತ ನೋಡಿದರು.

“ಇಲ್ಲಿ ಕೊಡಿ ಸಾರ್, ನಾನೇ ಹಾಕ್ತೀನಿ,” ಎಂದು ಹೆಂಡತಿ ಮುಂದೆ ಬಂದು ಪೆನ್ನು ತೆಗೆದುಕೊಂಡಳು. “ಮದುವೆ ಆದಾಗಿನಿಂದ ನಾನು ಹೇಳಿದ್ದೇ ಸರಿ ಅಂತ ಬರವಣಿಗೇಲಿ ಬಂದಿದ್ದು ಇದೇ ಮೊದಲು. ರೀ, ನಾಲ್ಕು ಕಾಪಿ ತೆಗೀರಿ. ಒಂದು ನಂಗೆ!”