ಒಂದು ಮುಷ್ಟಿ ಮೆಂತ್ಯ ಮತ್ತು ಕಟ್ಟಿಕೊಂಡ ಸಂಡಾಸು

ಮನೆಯ ರಿಪೇರಿಗೆ ಹೊರಗಿನವರನ್ನು ಕರೆಯುವ ಪೈಕಿ ಅಲ್ಲ ನಾನು. ನಲ್ಲಿ ಸೋರಿದರೆ ನಾನೇ ದಾರ ಸುತ್ತುತ್ತೇನೆ. ಫ್ಯಾನು ನಿಂತರೆ ನಾನೇ ಕುರ್ಚಿ ಹತ್ತುತ್ತೇನೆ. ಆಮೇಲೂ ನಲ್ಲಿ ಸೋರುತ್ತಲೇ ಇರುತ್ತದೆ, ಫ್ಯಾನು ನಿಂತೇ ಇರುತ್ತದೆ, ಅದು ಬೇರೆ ಮಾತು. ಕೊಟ್ಟೂರಿನಲ್ಲಿ ಇಪ್ಪತ್ತು ವರ್ಷದಿಂದ ಬೀಜ-ಗೊಬ್ಬರದ ಅಂಗಡಿ ಇಟ್ಟುಕೊಂಡು, ಬಂದ ರೈತರಿಗೆಲ್ಲ ಬಿತ್ತನೆಯಿಂದ ರಾಶಿಯವರೆಗೆ ಉಪದೇಶ ಮಾಡುವ ನನಗೆ ಒಂದು ಸಂಡಾಸು ಯಾವ ಲೆಕ್ಕ?

ಹೀಗೆಂದುಕೊಂಡಿದ್ದೆ, ಆ ಭಾನುವಾರ ಬೆಳಗ್ಗೆ ಎಂಟು ಗಂಟೆಯವರೆಗೆ.

ಎಂಟಕ್ಕೆ ನನ್ನ ಹೆಂಡತಿ ಸುಮಂಗಲಾ ಹಿತ್ತಲ ಬಾಗಿಲಲ್ಲಿ ನಿಂತು ಕೂಗಿದಳು.

“ಏನ್ರೀ, ಸಂಡಾಸದಾಗ ನೀರು ನಿಂತೈತಿ, ಕೆಳಗ ಇಳಿಯವಲ್ದು. ಬೀಗರು ಹಡಗಲ್ಯಾಗ ಬಸ್ ಹತ್ಯಾರಂತ, ಮಗಳು ಫೋನ್ ಮಾಡಿದ್ಲು. ಹತ್ತಕ್ಕೆಲ್ಲ ಇಲ್ಲಿರ್ತಾರ. ಖಾಜಾಗ ಒಂದು ಫೋನ್ ಹಚ್ರಿ.”

ಖಾಜಾ ನಮ್ಮ ಓಣಿಯ ಪ್ಲಂಬರ್. ಖಾಜಾ ಬಂದರೆ ಕಟ್ಟಿಕೊಂಡದ್ದನ್ನು ತೆಗೆಯುತ್ತಾನೆ. ತೆಗೆದರೆ ಕಟ್ಟಿಕೊಂಡದ್ದು ಏನೆಂದು ಎಲ್ಲರಿಗೂ ಕಾಣುತ್ತದೆ. ಅದು ಏನೆಂದು ಈ ಭೂಮಿಯ ಮೇಲೆ ಗೊತ್ತಿದ್ದವನು ನಾನೊಬ್ಬನೇ!

“ಖಾಜಾ ಯಾಕ ಬೇಕಲೇ? ನಾ ಇಲ್ಲೇನು?” ಎಂದೆ.

“ನೀವ ಇರೋದಕ್ಕ ಹೇಳಾಕತ್ತೀನಿ, ಫೋನ್ ಹಚ್ರಿ,” ಎಂದಳು ಸುಮಂಗಲಾ.

ಇಲ್ಲಿ ನಾನು ಒಂದು ತಪ್ಪೊಪ್ಪಿಗೆಯನ್ನು ಸಲ್ಲಿಸಬೇಕಾಗಿದೆ. ನಾಲ್ಕು ತಿಂಗಳ ಹಿಂದೆ ನನಗೆ ಶುಗರ್ ಬಂತು. ಡಾಕ್ಟರು ಗುಳಿಗೆ ಕೊಟ್ಟರು. ಸುಮಂಗಲಾ ಅದರ ಜೊತೆಗೆ ಮೆಂತ್ಯ ಕೊಟ್ಟಳು. ರಾತ್ರಿ ಒಂದು ಮುಷ್ಟಿ ಮೆಂತ್ಯ ನೆನೆಹಾಕಬೇಕು, ಬೆಳಗ್ಗೆ ಎದ್ದ ಕೂಡಲೇ ಕಾಳು ಅಗಿದು ನುಂಗಬೇಕು, ಮೇಲೆ ಆ ನೀರು ಕುಡಿಯಬೇಕು. ಅವಳ ಅಪ್ಪನಿಗೂ ಶುಗರ್ ಇತ್ತು. ಮೊದಲು ಒಂದು ಬೆರಳು ಹೋಯಿತು, ಆಮೇಲೆ ಪಾದ ಹೋಯಿತು, ಆಮೇಲೆ ಅವರೇ ಹೋದರು. ಹಾಗಾಗಿ ಅವಳಿಗೆ ನನ್ನ ಕಾಲಿನ ಮೇಲೆ ಯಾವಾಗಲೂ ಒಂದು ಕಣ್ಣು. ಸಾಲದ್ದಕ್ಕೆ ದೇವರ ಮುಂದೆ ನಿಂತು, “ನಿಮ್ಮ ಶುಗರ್ ಇಳಿಯೋತನಕ ನಾನೂ ಸಕ್ರಿ ಚಾ ಮುಟ್ಟಂಗಿಲ್ಲ” ಎಂದು ಆಣೆ ಮಾಡಿಬಿಟ್ಟಳು. ದಿನಕ್ಕೆ ಐದು ಸಲ ಚಾ ಕುಡಿಯುತ್ತಿದ್ದ ಹೆಂಗಸು!

ನಾನು ಆ ಮೆಂತ್ಯವನ್ನು ಎರಡು ದಿನ ತಿಂದೆ. ಅದೇನು ಕಹಿ, ಅದೇನು ಲೋಳೆ! ಮೂರನೆಯ ದಿನ ಕಾಳನ್ನೆಲ್ಲ ಅಗಿಯದೆ ದವಡೆಯಲ್ಲಿ ಒತ್ತಿಕೊಂಡು, “ಹ್ಞೂಂ, ಹ್ಞೂಂ” ಎಂದು ತಲೆಯಾಡಿಸಿ, ಸಂಡಾಸಿಗೆ ಹೋಗಿ ಉಗುಳಿಬಿಟ್ಟೆ. ನಾಲ್ಕನೆಯ ದಿನವೂ ಅಷ್ಟೇ. ಹೀಗೆ ಉಬ್ಬಿದ ಕೆನ್ನೆಯೊಂದಿಗೆ ಒಳಗೆ ಹೋಗಿ ಬತ್ತಿದ ಕೆನ್ನೆಯೊಂದಿಗೆ ಹೊರಬರುವ ನಿತ್ಯವಿಧಿ ನಾಲ್ಕು ತಿಂಗಳು ನಿರ್ವಿಘ್ನವಾಗಿ ನಡೆಯಿತು. ನಮ್ಮ ಓಣಿಗೆ ನಲ್ಲಿ ನೀರು ಬರುವುದು ಎಂಟು ದಿನಕ್ಕೊಮ್ಮೆ. ಹಾಗಾಗಿ ನಾನು ಅದರ ಮೇಲೆ ಅರ್ಧ ಚೊಂಬು ನೀರು ಮಾತ್ರ ಹಾಕುತ್ತಿದ್ದೆ. ನೀರಿನ ಉಳಿತಾಯದ ವಿಷಯದಲ್ಲಿ ನಾನು ಬಹಳ ಪ್ರಾಮಾಣಿಕ.

ಅಷ್ಟಕ್ಕೇ ಸುಮ್ಮನಿದ್ದಿದ್ದರೂ ಆಗುತ್ತಿತ್ತು. ಹಡಗಲಿಯ ಬೀಗರು, ಅಂದರೆ ಮಗಳ ಮಾವ ಶಿವಾನಂದಪ್ಪನವರಿಗೂ ಶುಗರ್. ಅವರಿಗೆ ಫೋನಿನಲ್ಲಿ ಮೆಂತ್ಯದ ಮಹಿಮೆಯನ್ನು ಅರ್ಧ ಗಂಟೆ ವರ್ಣಿಸಿದ್ದೆ. ಸುಮಂಗಲಾ ಪಕ್ಕದಲ್ಲೇ ನಿಂತಿದ್ದಳಲ್ಲ, ಏನು ಮಾಡಲಿ?

ಇರಲಿ. ಖಾಜಾ ಬರುವುದರೊಳಗೆ ಸಾಕ್ಷ್ಯವನ್ನು ನಾಶ ಮಾಡಬೇಕಿತ್ತು. ಪಂಚೆ ಎತ್ತಿ ಕಟ್ಟಿದೆ. ಕುದಿಯುವ ನೀರು ಮತ್ತು ಅಡುಗೆ ಸೋಡಾ ಸುರಿದರೆ ಎಂಥದ್ದೂ ಕರಗುತ್ತದೆ ಎಂದು ಫೋನಿನಲ್ಲಿ ಒಬ್ಬ ನಗುನಗುತ್ತಾ ತೋರಿಸಿದ್ದ. ಬಚ್ಚಲ ಹಂಡೆಯ ಕುದಿನೀರು, ಅಡುಗೆಮನೆಯ ಸೋಡಾ ಎರಡನ್ನೂ ಒಳಗೆ ಒಯ್ದು, ಚಿಲಕ ಹಾಕಿಕೊಂಡು ಸುರಿದೆ. ಗುಳುಗುಳು ಸದ್ದಾಯಿತು. ನೀರು ಇಳಿಯಲಿಲ್ಲ. ಬದಲಿಗೆ ಒಂದು ವಾಸನೆ ಎದ್ದಿತು. ಬೇರೆ ವಾಸನೆಗಳನ್ನೆಲ್ಲ ಹಿಂದೆ ಹಾಕಿ ಮೇಲೆದ್ದು ಬಂದದ್ದು ಬೆಂದ ಮೆಂತ್ಯದ ವಾಸನೆ!

ಹೊರಗಿನಿಂದ ಸುಮಂಗಲಾ ಕೇಳಿದಳು. “ಏನ್ರೀ, ಯಾರ ಮನ್ಯಾಗ ಮೆಂತೆ ಬೇಯಿಸಾಕತ್ತಾರ?”

ನಾನು ಬಾಗಿಲ ಸಂದಿಗೆ ಬೆನ್ನು ಕೊಟ್ಟು ನಿಂತೆ.

“ಕೊಟ್ರಪ್ಪ ಮಾಸ್ತರ ಮನ್ಯಾಗ ಇರಬೇಕು,” ಎಂದೆ.

“ಹೌದೇನು? ನಮ್ಮ ಸಂಡಾಸದಿಂದ ಬಂದಂಗ ಆತಪ್ಪ,” ಎಂದು ಅವಳು ಗೊಣಗುತ್ತಾ ಅಡುಗೆಮನೆಗೆ ಹೋದಳು. ನಾನು ಗೋಡೆಗೆ ಒರಗಿ ದೇವರನ್ನು ನೆನೆದೆ. ನೆನೆಯುವ ಜಾಗ ಅದಲ್ಲ ಎಂದು ಗೊತ್ತಿತ್ತು, ಆದರೆ ಭಯಕ್ಕೆ ಜಾಗದ ಹಂಗಿರುವುದಿಲ್ಲ.

ಎರಡನೆಯ ಪ್ರಯತ್ನಕ್ಕೆ ನನ್ನ ಕಸುಬಿನ ಅಸ್ತ್ರವನ್ನೇ ತೆಗೆದೆ. ಅಂಗಡಿಯಿಂದ ತಂದಿಟ್ಟಿದ್ದ, ಬೆಳೆಗೆ ಔಷಧಿ ಹೊಡೆಯುವ ಬೆನ್ನಿನ ಪಂಪು! ಟ್ಯಾಂಕಿಗೆ ನೀರು ತುಂಬಿ ಬೆನ್ನಿಗೇರಿಸಿ, ಮತ್ತೆ ಒಳಗೆ ಸೇರಿ ಚಿಲಕ ಹಾಕಿಕೊಂಡೆ. ಪೈಪಿನ ಬಾಯಿಯನ್ನು ಗುಂಡಿಯೊಳಗೆ ತೂರಿಸಿ, ಸುತ್ತ ಹಳೆಯ ಬನಿಯನ್ನು ತುರುಕಿ, ಹಿಡಿಯನ್ನು ಜಗ್ಗಿ ಜಗ್ಗಿ ಒತ್ತಿದೆ. ಹತ್ತು ಸಲ ಒತ್ತಿದೆ. ಇಪ್ಪತ್ತು ಸಲ ಒತ್ತಿದೆ. ಒಳಗೆಲ್ಲೋ ಡುಬ್ ಎಂದಿತು.

ಗೆದ್ದೆ ಎಂದುಕೊಂಡೆ. ಬನಿಯನ್ನು ಹಾರಿ ನನ್ನ ಮುಖಕ್ಕೆ ಬಂದು ಕೂತಿತು!

ಬನಿಯನ್ನಿನ ಹಿಂದೆ ನೀರು ಬಂತು. ಆ ನೀರಿನ ವರ್ಣನೆ ಬೇಡ. ನಾನು ಕಣ್ಣು ಮುಚ್ಚಿ, ಬಾಯಿ ಬಿಗಿದು, ಪಂಪು ಹೊತ್ತು ನಿಂತಿರುವಾಗ ಪಕ್ಕದ ಬಚ್ಚಲಿನಿಂದ ಸುಮಂಗಲಾಳ ಚೀರಾಟ ಕೇಳಿತು.

“ಅಯ್ಯೋ ಶಿವನೇ! ಇಲ್ಲಿ ಬಚ್ಚಲದಾಗೂ ನೀರು ಎದ್ದೈತ್ರಿ! ಅದರಾಗ ಏನೋ ಕಾಳು ಕಾಳು ತೇಲಾಕತ್ತೈತಿ!”

ಚಿಲಕ ತೆಗೆದು ಒಂದೇ ನೆಗೆತಕ್ಕೆ ಬಚ್ಚಲಿಗೆ ಹಾರಿದೆ. ಬಿಳಿ ಟೈಲ್ಸಿನ ಮೇಲೆ ನೆನೆದು ಉಬ್ಬಿದ ಆರೇಳು ಮೆಂತ್ಯದ ಕಾಳು ಹಳದಿಯಾಗಿ ಹೊಳೆಯುತ್ತಿದ್ದವು. ಎರಡೂ ಪಾದವನ್ನು ಅವುಗಳ ಮೇಲಿಟ್ಟು ನಿಂತೆ.

“ಎಲ್ಲೈತಿ ಕಾಳು? ಏನೂ ಇಲ್ಲಲ್ಲ!”

“ಈಗ ನೋಡಿದೆನ್ರೀ. ಕಾಲು ತೆಗೀರಿ.”

“ತೆಗಿಯಾಕ ಬರಂಗಿಲ್ಲ. ಜಾರಿ ಬೀಳ್ತೀನಿ.”

ಅವಳು ನನ್ನ ಕಾಲು ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು. ಅವಳ ಕಣ್ಣಲ್ಲಿ ಥಟ್ಟನೆ ಹೆದರಿಕೆ ಬಂತು.

“ಯಾಕ್ರೀ, ಕಾಲು ಜೋಮು ಹಿಡದಾವೇನು? ನಮ್ಮಪ್ಪಗೂ ಹಿಂಗ ಮೊದಲು ಜೋಮು ಹಿಡಿತಿದ್ದುವು.”

ಅಲ್ಲೇ ನಿಜ ಹೇಳಿಬಿಡಬೇಕಿತ್ತು. ಹೇಳಲಿಲ್ಲ. ಬೀಗರು ಬರುವ ದಿನ ಬೇಡ, ನಾಳೆ ಹೇಳೋಣ ಎಂದುಕೊಂಡೆ. ನಾಲ್ಕು ತಿಂಗಳಿಂದ ನಾನು ಹೀಗೇ ಅಂದುಕೊಳ್ಳುತ್ತಾ ಬಂದಿದ್ದೆ.

ಅಷ್ಟರಲ್ಲಿ ಹಿತ್ತಲ ಗೋಡೆಯ ಮೇಲೆ ಒಂದು ತಲೆ ಎದ್ದಿತು. ಪಕ್ಕದ ಮನೆಯ ಕೊಟ್ರಪ್ಪ, ನಿವೃತ್ತ ಡ್ರಿಲ್ ಮಾಸ್ತರು. ಅವರು ಪಿಸುಗುಟ್ಟಿದರೆ ಬಸ್‌ಸ್ಟ್ಯಾಂಡಿಗೆ ಕೇಳುತ್ತದೆ.

“ಏನ್ ಮಲ್ಲಣ್ಣ! ಸಂಡಾಸ ಕಟ್ಟೈತೇನು? ಬೆನ್ನಿಗೆ ಪಂಪ್ ಹಾಕ್ಕೊಂಡು ನಿಂತೀಯಲ್ಲ, ಒಳಗ ಹುಳ ಬಿದ್ದಾವೇನು?”

“ಏನಿಲ್ರಿ ಮಾಸ್ತರ, ಸಣ್ಣದು. ಆಗೇ ಹೋತು.”

“ಎಲ್ಲಿ ಆತು? ನೀನು ಮುಂದಿನಿಂದ ಹೊಡದ್ರ ಆಗಂಗಿಲ್ಲ. ಹಿಂದ ಚೇಂಬರ್ ತೆಗೀಬೇಕು. ತಡಿ, ಖಾಜಾಗ ನಾ ಫೋನ್ ಮಾಡೀನಿ, ಬರಾಕತ್ತಾನ.”

ಪರೋಪಕಾರಿ ನೆರೆಯವರಿಂದ ಕಾಪಾಡು ತಂದೆ!

ಗಡಿಬಿಡಿಯಲ್ಲಿ ಮೈ ತೊಳೆದು ಬೇರೆ ಅಂಗಿ ತೊಟ್ಟುಕೊಂಡೆ. ಆ ಕಾಳುಗಳನ್ನು ಕಾಲ್ಬೆರಳಲ್ಲೇ ಮೂಲೆಗೆ ದೂಡಿ, ಹೆಕ್ಕಿ, ಅಂಗಿಯ ಜೇಬಿಗೆ ಹಾಕಿಕೊಂಡೆ. ಆ ಘಳಿಗೆಗೆ ಅದೇ ಬುದ್ಧಿವಂತಿಕೆ ಅನಿಸಿತು. ಹೊರಗೆ ಬರುವಷ್ಟರಲ್ಲಿ ಬಾಗಿಲಿಗೆ ಆಟೋ ನಿಂತಿತ್ತು. ಬೀಗರು, ಬೀಗತಿ, ಕೈಯಲ್ಲಿ ಬಾಳೆ ಎಲೆಯಲ್ಲಿ ಸುತ್ತಿದ ಮಲ್ಲಿಗೆ. ಜನ್ಮದಲ್ಲಿ ಮೊದಲ ಸಲ ನನಗೆ ಹಡಗಲಿ ಮಲ್ಲಿಗೆಯ ಘಮ ಸಾಲದು ಅನಿಸಿತು.

ಶಿವಾನಂದಪ್ಪನವರು ಬಹಳ ಇಳಿದುಹೋಗಿದ್ದರು. ಮುಖ ಹುಳ್ಳಗಿತ್ತು. ಕೂತವರೇ ನನ್ನ ಕೈ ಹಿಡಿದುಕೊಂಡರು.

“ಬೀಗರ, ನೀವು ಹೇಳಿದ ಮೆಂತೆ ಮೂರು ತಿಂಗಳಾತು, ಒಂದು ದಿನ ತಪ್ಪಿಲ್ಲ. ಬಾಯಾಗ ರುಚಿ ಅನ್ನೋದೇ ಸತ್ತೋಗೈತಿ. ಮಲ್ಲಣ್ಣ ಬೀಗರು ತಿಂತಾರ, ನಾ ತಿನ್ನಾಕ ಏನು ಧಾಡಿ ಅಂತ ಕಣ್ಣು ಮುಚ್ಚಿ ನುಂಗ್ತೀನಿ ನೋಡ್ರಿ.”

“ಅಭ್ಯಾಸ ಆಗ್ತೈತ್ರಿ,” ಎಂದೆ. ಜೇಬಿನಲ್ಲಿ ಕಾಳು ಒದ್ದೆಯಾಗಿ ಎದೆಗೆ ಅಂಟಿಕೊಂಡಿದ್ದವು.

ಆ ಹೊತ್ತಿಗೆ ಬೀಗತಿ ಸುಮಂಗಲಾಳ ಕಿವಿಯಲ್ಲಿ ಏನೋ ಅಂದರು. ಎರಡು ತಾಸು ಬಸ್ಸಿನಲ್ಲಿ ಕೂತು ಬಂದವರು ಕಿವಿಯಲ್ಲಿ ಏನು ಹೇಳುತ್ತಾರೆಂದು ಬೇರೆ ಹೇಳಬೇಕಾಗಿಲ್ಲ. ಸುಮಂಗಲಾ ಮುಖ ಕೆಂಪಗೆ ಮಾಡಿಕೊಂಡು ಅವರನ್ನು ಕೊಟ್ರಪ್ಪನವರ ಮನೆಗೆ ಕರೆದುಕೊಂಡು ಹೋದಳು. ನಮ್ಮ ಮನೆಗೆ ಮೊದಲ ಸಲ ಬಂದ ಬೀಗತಿಗೆ ಪಕ್ಕದ ಮನೆಯ ಸಂಡಾಸು!

ಖಾಜಾ ಬಂದ. ಹಿತ್ತಲಲ್ಲಿ ಜನ ಸೇರಿದರು. ಸಂಡಾಸು, ಬಚ್ಚಲು ಎರಡರ ಪೈಪೂ ಬಂದು ಸೇರುವ ಚೇಂಬರಿನ ಮುಚ್ಚಳದ ಕಲ್ಲು ಒಂದು ಮೂಲೆಯಲ್ಲಿ ಒಡೆದಿತ್ತು. ಹೋದ ವರ್ಷ ಅದರ ಮೇಲೆ ಗೊಬ್ಬರದ ಚೀಲ ಇಳಿಸಿ ಒಡೆದವನು ನಾನೇ. ಖಾಜಾ ಹಾರೆ ತೂರಿಸಿದ. ನಾನು ಕೊನೆಯ ಪ್ರಯತ್ನವಾಗಿ ಆ ಕಲ್ಲಿನ ಮೇಲೆ ಕಾಲಿಟ್ಟೆ.

“ಬ್ಯಾಡ ಖಾಜಾ, ಗ್ಯಾಸ್ ಇರ್ತೈತಿ. ನಾಳೆ ತೆಗಿಯೋಣ.”

“ನಾ ಒಳಗೇನು ಇಳಿಯಂಗಿಲ್ಲಣ್ಣ, ಮ್ಯಾಲಿಂದ ಪೈಪಿನಾಗ ತಂತಿ ಸ್ಪ್ರಿಂಗ್ ಬಿಡ್ತೀನಿ ಅಷ್ಟ. ಸರೀರಿ.”

“ಸರಿಯೋ ಮಲ್ಲಣ್ಣ!” ಎಂದು ಕೊಟ್ರಪ್ಪ ಡ್ರಿಲ್ ಕ್ಲಾಸಿನ ಧ್ವನಿಯಲ್ಲಿ ಆಜ್ಞೆ ಕೊಟ್ಟರು. ಕಾಲು ತಾನಾಗಿ ಸರಿಯಿತು.

ಕಲ್ಲು ಎದ್ದಿತು. ಎಲ್ಲರೂ ಬಗ್ಗಿದರು. ಯಾರೂ ಮೂಗು ಮುಚ್ಚಿಕೊಳ್ಳಲಿಲ್ಲ. ಬಾಯಿ ತೆರೆದೇ ನಿಂತರು.

ಚೇಂಬರಿನ ತುಂಬ ಹಸಿರು! ಒಡೆದ ಮೂಲೆಯಿಂದ ಬಿದ್ದ ಬಿಸಿಲಿಗೆ ಮುಖ ಮಾಡಿ, ಗೇಣುದ್ದ ಎದ್ದು, ಒತ್ತೊತ್ತಾಗಿ ಬೆಳೆದು ನಿಂತಿತ್ತು ಮೆಂತ್ಯದ ಸೊಪ್ಪು. ಅದರ ಬೇರು ಚಾಪೆ ಹೆಣೆದಂತೆ ಹೆಣೆದುಕೊಂಡು ಪೈಪಿನ ಬಾಯಿಯನ್ನು ಮುಚ್ಚಿಬಿಟ್ಟಿತ್ತು. ನಾನು ಕಾಳಿಗೆ ಹೆದರಿದ್ದೆ. ಬೆಳೆಯನ್ನು ಕನಸಿನಲ್ಲೂ ಎಣಿಸಿರಲಿಲ್ಲ!

“ಅಣ್ಣಾರ, ಇದು ಮೆಂತೆ,” ಎಂದ ಖಾಜಾ, ನಂಬಿಕೆ ಬಾರದವನಂತೆ.

“ಭಲೇ ಮಲ್ಲಣ್ಣ!” ಕೊಟ್ರಪ್ಪನವರ ಧ್ವನಿ ಓಣಿ ದಾಟಿತು. “ಹೋದ ಮುಂಗಾರಿನಾಗ ನಿನ್ನ ಅಂಗಡಿ ನವಣಿ ಒಯ್ದು ನಮ್ಮ ಹೊಲಕ್ಕ ಹಾಕಿದೆ, ಒಂದು ಕಾಳು ಏಳಲಿಲ್ಲ. ನೆಲ ಸರಿ ಇಲ್ಲ ಅಂದಿ. ಇಲ್ಲಿ ನೋಡು, ಏನು ನೆಲಾ!”

ಶಿವಾನಂದಪ್ಪನವರು ಚೇಂಬರನ್ನು ನೋಡಿದರು, ನನ್ನನ್ನು ನೋಡಿದರು. ನಾಲಿಗೆಯನ್ನು ನಿಧಾನವಾಗಿ ಹಲ್ಲಿನ ಮೇಲೆ ಆಡಿಸಿದರು, ಮೂರು ತಿಂಗಳ ಕಹಿಯನ್ನು ಮತ್ತೊಮ್ಮೆ ಸವಿದಂತೆ.

ಹಿಂದಿನಿಂದ ಸುಮಂಗಲಾ ಬಂದು ನಿಂತಿದ್ದಳು. ಅವಳು ಕೂಗುತ್ತಾಳೆ, ಬೈಯುತ್ತಾಳೆ, ಬೀಗರ ಮುಂದೆ ಮಾನ ಕಳೆಯುತ್ತಾಳೆ ಎಂದು ಬೆಳಗಿನಿಂದ ಬೆವತಿದ್ದೆ. ಅವಳು ಒಂದೇ ಮಾತು ಕೇಳಿದಳು.

“ಎಷ್ಟು ದಿನದಿಂದ?”

“ಮೂರನೇ ದಿನದಿಂದ,” ಎಂದೆ.

ಅವಳು ತಿರುಗಿ ಅಡುಗೆಮನೆಗೆ ಹೋದಳು. ಹಿಂದೆಯೇ ಹೋದೆ. ಒಲೆಯ ಮೇಲೆ ಹಾಲಿಟ್ಟಳು. ಚಾ ಪುಡಿ ಹಾಕಿದಳು. ನಾಲ್ಕು ತಿಂಗಳಿಂದ ಮುಟ್ಟದ ಸಕ್ಕರೆ ಡಬ್ಬಿ ತೆಗೆದು ಒಂದು, ಎರಡು, ಮೂರು ಚಮಚ ಹಾಕಿದಳು. ನಿಂತುಕೊಂಡೇ ಕುಡಿದಳು. ಅರ್ಧ ಕುಡಿಯುವಷ್ಟರಲ್ಲಿ ಅಳು ಬಂತು ಅವಳಿಗೆ.

“ನಮ್ಮಪ್ಪನೂ ಗುಳಿಗಿ ದಿಂಬಿನ ಕೆಳಗ ಇಡ್ತಿದ್ದ. ನುಂಗೀನಿ ಅಂತಿದ್ದ. ಅವ ಹೋದಮ್ಯಾಲ ದಿಂಬು ಎತ್ತಿದವಳು ನಾನು. ನಿಮ್ಮ ದಿಂಬೂ ನನ್ನ ಕೈಲೇ ಎತ್ತಸ್ತೀರೇನು?”

ನಾನು ಇಷ್ಟು ಹೊತ್ತು ಹೆದರಿದ್ದು ತಪ್ಪು ವಿಷಯಕ್ಕೆ ಎಂದು ಆಗ ಗೊತ್ತಾಯಿತು. ನನಗೆ ನನ್ನ ಮಾನದ ಭಯ, ಅವಳಿಗೆ ನನ್ನ ಜೀವದ ಭಯ. ಜೇಬಿಗೆ ಕೈಹಾಕಿ ಆ ಕಾಳುಗಳನ್ನು ಅವಳ ಮುಂದೆ ಹಿಡಿದೆ.

“ಅವನ್ನ ಒಗೀರಿ ಅತ್ತಾಗ, ಹೊಲಸು!” ಎಂದಳು. ಅಳುತ್ತಲೇ ಅವಳಿಗೆ ನಗು ಬಂತು.

ಈಗ ದಿನಾ ಬೆಳಗ್ಗೆ ನನ್ನ ಮೆಂತ್ಯಸೇವನೆ ಅಂಗಳದಲ್ಲಿ, ಸಾರ್ವಜನಿಕವಾಗಿ ನಡೆಯುತ್ತದೆ. ನಾನು ಅಗಿಯುತ್ತೇನೆ, ಸುಮಂಗಲಾ ಎಣಿಸುತ್ತಾಳೆ. ಆಮೇಲೆ ಬಾಯಿ ತೆರೆದು “ಆ” ಎನ್ನಬೇಕು, ನಾಲಿಗೆ ಎತ್ತಿ ತೋರಿಸಬೇಕು. ಗೋಡೆಯ ಮೇಲಿನಿಂದ ಕೊಟ್ರಪ್ಪನವರು “ಎಡಗಡೆ ದವಡಿ ನೋಡಮ್ಮ!” ಎಂದು ಸೂಚನೆ ಕೊಡುತ್ತಾರೆ. ಎಂಟಕ್ಕೆ ಸರಿಯಾಗಿ ಹಡಗಲಿಯಿಂದ ಬೀಗರ ವಿಡಿಯೋ ಕಾಲ್ ಬರುತ್ತದೆ. ಅವರಿಗೂ ಬಾಯಿ ತೋರಿಸಬೇಕು.

ಮೊನ್ನೆ ಅಂಗಡಿಗೆ ಕೂಡ್ಲಿಗಿ ಕಡೆಯ ಒಬ್ಬ ರೈತ ಬಂದಿದ್ದ. ಕಪಾಟಿನಲ್ಲಿದ್ದ ಬೀಜದ ಪಾಕೀಟುಗಳನ್ನೆಲ್ಲ ಅನುಮಾನದಿಂದ ನೋಡಿ, ಹತ್ತಿರ ಬಂದು ಮೆಲ್ಲಗೆ ಕೇಳಿದ.

“ಸಾವ್ಕಾರ್ರ, ಇವು ಬ್ಯಾಡ. ನಿಮ್ಮ ಚೇಂಬರ್‌ನ್ಯಾಗ ಎದ್ದಿತ್ತಂತಲ್ಲ ಮೆಂತೆ, ಆ ಬೀಜ ಐತೇನ್ರಿ?”

ಸ್ಟಾಕ್ ಇಲ್ಲ ಎಂದೆ. ಇದ್ದದ್ದನ್ನೆಲ್ಲ ನಾನೇ ತಿನ್ನುತ್ತಿದ್ದೇನೆ.