ಇಲ್ಲದ ಹಸುವಿನ ಸ್ನೇಹ

ಸ್ನೇಹದ ವಿಷಯದಲ್ಲಿ ಫೋನಿನ ಲೆಕ್ಕಾಚಾರ ಬಲು ಸರಳ. ಇಬ್ಬರು ಒಂದೇ ಚಿತ್ರಕ್ಕೆ ಲೈಕ್ ಒತ್ತಿದರೆ ಸಾಕು, ನೀವು ಸ್ನೇಹಿತರಾಗಿ ಎಂದು ಬೆನ್ನು ಹತ್ತುತ್ತದೆ. ನಮ್ಮಪ್ಪ ಮತ್ತು ಪಕ್ಕದ ಮನೆಯ ಮೇಷ್ಟ್ರು ಉಪ್ಪಿಟ್ಟಿಗೆ ಈರುಳ್ಳಿ ಬೇಕೇ ಬೇಡವೇ ಎಂಬುದರಿಂದ ಹಿಡಿದು ಸರ್ಕಾರ ಬೀಳಬೇಕೇ ಬೇಡವೇ ಎಂಬುದರವರೆಗೆ ಜಗಳವಾಡಿದವರು. ಆದರೂ ಸಂಜೆ ಒಬ್ಬರು ಜಗಲಿಗೆ ಬಾರದಿದ್ದರೆ ಇನ್ನೊಬ್ಬರಿಗೆ ಸಮಾಧಾನವಿರಲಿಲ್ಲ. ಅವರಿಬ್ಬರನ್ನು ಈ ಫೋನು ಎಂದೂ ಜೋಡಿಸುತ್ತಿರಲಿಲ್ಲ. ನನ್ನನ್ನು ಮಾತ್ರ ಒಬ್ಬನ ಜೊತೆ ಜೋಡಿಸಿತು.

ನಾನು ಕೆಜಿಎಫ್‌ನ ಕಾರ್ಖಾನೆಯೊಂದರ ಗುಮಾಸ್ತ, ಊರು ಹಾವೇರಿ ಕಡೆ. ಅಲ್ಲಿರುವ ಬಾವಮೈದ ಹಸು ಕೊಂಡು ಅದರ ಫೋಟೋ ಹಾಕಿದ. ಲೈಕ್ ಒತ್ತದಿದ್ದರೆ ಮನೆಯಲ್ಲಿ ಸಾರಿನ ರುಚಿ ಕೆಡುತ್ತಿತ್ತು, ಒತ್ತಿದೆ. ನನಗೆ ಹಸುವೆಂದರೆ ಪ್ರಾಣ ಎಂದುಕೊಂಡ ಫೋನು ಹೈನುಗಾರರ ಗುಂಪೊಂದನ್ನು ತೋರಿಸಿತು. ಸೇರುವ ಮುಂಚೆ ‘ಹಸು ಇದೆಯೇ?’ ಎಂದು ಕೇಳಿದರು. ಇಲ್ಲವೆಂದರೆ ಹೊರಗೆ ನಿಲ್ಲಿಸುತ್ತಾರಲ್ಲ ಎಂಬ ನಾಚಿಕೆಗೆ ಇದೆ ಎಂದೆ. ಹೆಸರು ಕೇಳಿದರು, ಗೌರಿ ಎಂದೆ; ನನ್ನ ಇಲ್ಲದ ಹಸು ಹುಟ್ಟಿದ್ದು ಹಾಗೆ. ಕೆಜಿಎಫ್‌ನ ಊರಿಗಾಂ ಬಡಾವಣೆಯಲ್ಲಿರುವ ನಮ್ಮ ಬಾಡಿಗೆಯ ಲೈನ್ ಮನೆಯಲ್ಲಿ ಹಸು ಕಟ್ಟುವುದಿರಲಿ, ಸ್ಕೂಟರ್ ನಿಲ್ಲಿಸಿದರೆ ನಾವೇ ಅಡ್ಡಡ್ಡ ಒಳಗೆ ಬರಬೇಕು.

ಆ ಗುಂಪಿನಲ್ಲಿ ಸಿಕ್ಕಿದವನು ಬೂದಿಕೋಟೆ ಕಡೆಯ ಮುನಿವೆಂಕಟಪ್ಪ. ದಿನಾ ಬೆಳಿಗ್ಗೆ ಗೌರಿಯ ಯೋಗಕ್ಷೇಮ ವಿಚಾರಿಸುತ್ತಿದ್ದ. ನಾನು ಪ್ಯಾಕೆಟ್ ಹಾಲಿನ ಮೂಲೆ ಕತ್ತರಿಸುತ್ತಲೇ, ಇವತ್ತು ಗೌರಿ ಚೆನ್ನಾಗಿ ಹಾಲು ಕೊಟ್ಟಳು ಎಂದು ಬರೆಯುತ್ತಿದ್ದೆ. ಈ ಊರಿಗೆ ಬಂದ ಮೇಲೆ ನನ್ನನ್ನು ಹೀಗೆ ದಿನಾ ಮಾತಾಡಿಸಿದವನು ಅವನೊಬ್ಬನೇ. ಒಂದು ದಿನ ಫೋನ್ ಮಾಡಿ, ಹೆಂಡತಿ ಮುನಿಸಿಕೊಂಡು ಬೇತಮಂಗಲದ ತವರಿಗೆ ಹೋಗಿರುವುದನ್ನು ಹೇಳಿಕೊಂಡು ಅತ್ತ. “ಊರಾಗೆ ಯಾರ್ಗೂ ಏಳಿಲ್ಲ ಅಣ್ಣಾ. ನಿಮ್ಗೆ ಮಾತ್ರ ಏಳ್ತಿದೀನಿ” ಎಂದ. ಆಗಲಾದರೂ ನಾನು ನಿಜ ಹೇಳಬೇಕಿತ್ತು. ಅದರ ಬದಲು ನನ್ನದೂ ಒಂದು ಸಂಕಟವಿರಲಿ ಎಂದು, ಗೌರಿ ಮೇವು ಮುಟ್ಟುತ್ತಿಲ್ಲ ಎಂದುಬಿಟ್ಟೆ.

ಮುಂದಿನ ಭಾನುವಾರ ಫೋನ್ ಬಂತು. “ಬಂಗಾರಪೇಟೆ ಮೇಲೆ ಬಸ್ಸಾಗೆ ಬಂದೆ ಅಣ್ಣಾ. ಊರಿಗಾಂನಾಗೆ ಇಳ್ದಿದೀನಿ. ಮನೆ ಎಲ್ಲಿ?” ಬಸ್‌ಸ್ಟಾಪಿನಲ್ಲೇ ನಿಲ್ಲು ಎಂದು ಹೇಳಿ ಚಪ್ಪಲಿ ಮೆಟ್ಟಿದೆ. ಹೋಗಿ ನೋಡಿದರೆ ಹೆಗಲ ಮೇಲೆ ಹಿಂಡಿಯ ಚೀಲ, ಕೈಯಲ್ಲಿ ನಾಟಿ ಔಷಧಿಯ ಬಾಟಲಿ. ಹಸು ಸತ್ತಿತೆಂದು ಹೇಳಲು ದಾರಿಯುದ್ದಕ್ಕೂ ಬಾಯಿ ತೆರೆದೆ, ಆಗಲಿಲ್ಲ. ಬಾಗಿಲಲ್ಲೇ ಅವನು “ಅಕ್ಕಾ, ಅಸು ಎಲ್ಲಿ ಕಟ್ಟಿದೀರಾ?” ಎಂದ.

“ಹಸುನಾ? ನಮಗೆಲ್ಲಿಯ ಹಸು?” ಎಂದು ನಕ್ಕ ಹೆಂಡತಿ, ನನ್ನ ಮುಖ ನೋಡಿ ಕಾಫಿಗಿಡಲು ಒಳಗೆ ಹೋದಳು.

ಅವನು ಬೈದಿದ್ದರೆ ಚೆನ್ನಾಗಿತ್ತು. ಕಾಫಿ ಕುಡಿದ, ಲೋಟ ತೊಳೆದಿಟ್ಟ. ಹೊರಡುವಾಗ, “ಅಸು ಇಲ್ದಿದ್ರೆ ಏನೂ ಇಲ್ಲ ಅಣ್ಣಾ. ಒಂದ್ಮಾತು ಏಳಿದ್ರೆ ಆಗ್ತಿತ್ತು. ನಾನು ನಮ್ಮನೆ ಇಸ್ಯ ಎಲ್ಲಾ ನಿಮ್ ಮುಂದೆ ಏಳ್ಕೊಂಡ್ನಲ್ಲ” ಎಂದ. ಚೀಲ ಹೊರುತ್ತೇನೆಂದರೆ ಬಿಡಲಿಲ್ಲ. ಅವನ ಬಸ್ಸು ಹೋದ ಮೇಲೂ ನಾನು ಸ್ಟಾಪಿನಲ್ಲೇ ನಿಂತಿದ್ದೆ, ಏನನ್ನು ಕಾಯುತ್ತಿದ್ದೆನೋ.

ಫೋನು ಈಗಲೂ ನನಗೆ ಹಸುಗಳನ್ನೇ ತೋರಿಸುತ್ತದೆ. ವಿಚಿತ್ರವೆಂದರೆ ಈಗ ನಿಜವಾಗಿಯೂ ನೋಡುತ್ತೇನೆ. ಯಾರದೋ ಕರು ಮಂಕಾಗಿದೆ ಎಂದು ಓದಿದರೆ ಮನಸ್ಸು ಕೆಡುತ್ತದೆ, ಹೇಳಿಕೊಳ್ಳಲು ಮಾತ್ರ ಮುನಿವೆಂಕಟಪ್ಪ ಈಗ ಮಾತಿಗಿಲ್ಲ. ಅವನ ಹೆಂಡತಿ ತವರಿನಿಂದ ಬಂದಳೇ ಎಂದು ತಿಳಿಯುವ ಆಸೆಯಿಂದ ಮೊನ್ನೆ ಅವನ ಪುಟ ತೆರೆದೆ. ನನ್ನನ್ನು ಸ್ನೇಹಿತರ ಪಟ್ಟಿಯಿಂದ ತೆಗೆದಿದ್ದಾನೆ, ಪುಟಕ್ಕೆ ಬೀಗ ಬಿದ್ದಿದೆ. “ಮನೆಯ ಮಾತು ಕಂಡಕಂಡವರಿಗೆ ಕಾಣಬಾರದಪ್ಪ, ಕಾಲ ಕೆಟ್ಟಿದೆ” ಎಂದು ಅವನು ಅತ್ತ ದಿನ ಬುದ್ಧಿ ಹೇಳಿ, ಆ ಬೀಗ ಹಾಕುವುದನ್ನು ಅವನಿಗೆ ಕಲಿಸಿದವನು ನಾನೇ. ಚೆನ್ನಾಗಿ ಕಲಿತಿದ್ದಾನೆ.